ಜಾಣ ದೀಪ, ಜಾಣ ಸಪ್ಲೈಯರ್

2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯೂ ಇತ್ತು. ತಡವಾಯಿತು ಅನ್ನುತ್ತೇನೆ ನಾನು. ಇಲ್ಲಿನ ಬೆಣ್ಣೆದೋಸೆ ಹೋಟೆಲಿನ ಸಪ್ಲೈಯರ್ ಎಂದೋ ಸ್ಮಾರ್ಟ್! ನಾನೊಬ್ಬನೇ ಹೋದರೆ, ಕೂರುವ ಮೊದಲೇ "ಒಂದ್ ಓಪನ್, ಬೆಣ್ಣೆ ಜಾಸ್ತಿ!" ಎಂದು ಒಲೆಯತ್ತ ಕೂಗುತ್ತಾನೆ. ಜೊತೆಗೆ ಹೆಂಡತಿ ಇದ್ದರೆ, "ಒಂದ್ ಖಾಲಿ!" ಇಷ್ಟು ಸೂಕ್ಷ್ಮ ಯಾವ ಸೆನ್ಸರ್‌ಗೆ ಬಂದೀತು?

ಹರಿಹರದ ಷಡ್ಡಕರ ಹೊಸ ಮನೆಯ ಬಾತ್‌ರೂಮಿನಲ್ಲಿರುವುದು ಅಸಲಿ ಸೆನ್ಸರ್. ಮೈಯ ಶಾಖ ಅತ್ತಿತ್ತ ಚಲಿಸಿದರಷ್ಟೇ ಅದಕ್ಕೆ ಮನುಷ್ಯ ಕಾಣುವುದು. ಧ್ಯಾನಸ್ಥನಾಗಿ ಕೂತೆನೋ, ಒಳಗೆ ಯಾರೂ ಇಲ್ಲವೆಂದು ತೀರ್ಮಾನಿಸಿ ದೀಪ ಆರಿಸಿಬಿಡುತ್ತದೆ. ಕತ್ತಲಲ್ಲಿ ನಾನು ಗೊಣಗುವುದು ಕೇಳಿದರೆ ಹೊರಗಿನಿಂದ ಷಡ್ಡಕರ ಮಗಳ ಮಾರ್ಗದರ್ಶನ:

"ಕೈ ಬೀಸ್ರಿ ದೊಡ್ಡಪ್ಪಾ, ಇನ್ನೂ ಜೋರಾಗಿ!"