ಲೀಟರಿಗೆ ಎಷ್ಟು, ಭಾವ?

ಮಂಗಳೂರಿನ ಕುಲಶೇಖರದ ನಮ್ಮ ಭಾವನ ಮನೆಗೆ ಹೋದರೆ ಮೊದಲೆಲ್ಲ ಚಾ ಬರುತ್ತಿತ್ತು. ಈಗ ಆವರೇಜ್ ಬರುತ್ತದೆ. ಚಪ್ಪಲಿ ಬಿಚ್ಚುವ ಮೊದಲೇ, “24.6!” ಅನ್ನುತ್ತಾರೆ. ಜ್ವರವಾಗಿದ್ದರೆ ಆಸ್ಪತ್ರೆಗೆ ಓಡಬೇಕಿತ್ತು. ಇದು ಮೈಲೇಜು.

ಹೈಬ್ರಿಡ್ ಕಾರು ತಂದು ಎಂಟು ತಿಂಗಳು. 2022ರಲ್ಲಿ ಬಂದ ಹೈರೈಡರ್, ಗ್ರ್ಯಾಂಡ್ ವಿಟಾರಾ ಜೋಡಿಯಲ್ಲಿ ಒಂದು. ಯಾವುದೆಂದು ಹೇಳಿದರೆ ಇನ್ನೊಂದನ್ನು ತಂದವರು ಜಗಳಕ್ಕೆ ಬಂದಾರು. ತಟ್ಟೆ ಇಡ್ಲಿಯ ಬಿಡದಿಯಿಂದ ಹೊರಟ ಈ ಕಾರಿಗೆ ಪರೀಕ್ಷೆಯಲ್ಲಿ ಸಿಕ್ಕಿದ ಅಂಕ ಲೀಟರಿಗೆ 27.97 ಕಿಲೋಮೀಟರು. ಆ .97 ಕಂಡು ನನಗೆ ಬಾಟಾ ಅಂಗಡಿಯ ನೆನಪಾಯಿತು. ಭಾವನಿಗೆ ನಿದ್ದೆ ಹೋಯಿತು. ಪರೀಕ್ಷೆ ಬರೆದ ಕಾರಿಗೆ ನಂತೂರಿನ ಬ್ಲಾಕೂ ಇರಲಿಲ್ಲ, ಹಿಂದಿನ ಸೀಟಿನಲ್ಲಿ ನಮ್ಮ ಅಕ್ಕನೂ ಇರಲಿಲ್ಲ ಎಂದರೆ ಕೇಳಬೇಕಲ್ಲ. ಕುಲಶೇಖರದಲ್ಲಿ ಕಲ್ಪನೆ ಎಂದೇ ಒಂದು ಜಾಗ ಉಂಟು. ಇವರ ಮೈಲೇಜು ಸಿಗುವುದು ಅಲ್ಲಿ ಮಾತ್ರ ಎಂದು ಅಕ್ಕನ ವಾದ.

ಹೋದ ಆದಿತ್ಯವಾರ ಗುರುಪುರದ ಕಡೆ ಹೊರಟೆವು. ವಾಮಂಜೂರು ದಾಟಿ ಹೊಳೆಯ ಕಡೆಗೆ ಇಳಿಜಾರು ಸಿಕ್ಕಿದ್ದೇ ತಡ, ಭಾವ ಪೆಡಲಿನಿಂದ ಕಾಲು ತೆಗೆದು ಧ್ಯಾನಕ್ಕೆ ಕೂತರು. ಬ್ರೇಕು ಒತ್ತುವುದು ಎಂತಹ ನಾಜೂಕು! ಕರುವಿನ ಕೊರಳು ಸವರಿದ ಹಾಗೆ. ಹಿಂದೆ ಟಿಪ್ಪರಿನವನ ಹಾರ್ನು ಕಿವಿ ಕಿತ್ತುಹೋಗುವಂತೆ.

“ಸೈಕಲ್ಲಿನ ಡೈನಮೋ ನೆನಪುಂಟಾ ನಿನಗೆ? ಅದೇ ಇದು. ಬೇರೆ ಕಾರಿನಲ್ಲಿ ಬ್ರೇಕು ಒತ್ತಿದರೆ ಓಟವೆಲ್ಲ ಬಿಸಿಯಾಗಿ ಗಾಳಿಗೆ ಹೋಯಿತು. ಇದರಲ್ಲಿ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ಕರೆಂಟು ತುಂಬಿಸುತ್ತದೆ. ಆದರೆ ಗಕ್ಕನೆ ಒತ್ತಬಾರದು, ಮಾಮೂಲಿ ಬ್ರೇಕು ಕಚ್ಚಿಕೊಂಡರೆ ಮುಗಿಯಿತು.”

“ಹಾಗಾದರೆ ಬರುವಾಗ ಈ ಚಡಾವು ಧರ್ಮಕ್ಕೆ ಹತ್ತುತ್ತದಲ್ಲ ಭಾವ?”

ಉತ್ತರವಿಲ್ಲ. ಬರುವಾಗ ಚಡಾವಿನಲ್ಲಿ ಎಂಜಿನ್ನೇ ಎದ್ದು ಉತ್ತರ ಕೊಟ್ಟಿತು. ಇಳಿಯುವಾಗ ಕೂಡಿಟ್ಟದ್ದು ಬಡ್ಡಿ ಸಮೇತ ಹೋಯಿತು. 24.6 ಇದ್ದದ್ದು 23.8. ಭಾವನ ಮುಖ ನೋಡಲಾಗಲಿಲ್ಲ. ಕೂಡಲೇ ಎ.ಸಿ. ಬಂದ್. ಮಂಗಳೂರಿನ ಸೆಕೆಯಲ್ಲಿ, ಮಾರಾಯ್ರೆ! ಹಿಂದಿನಿಂದ ಅಕ್ಕ, “ನನ್ನನ್ನು ಇಲ್ಲೇ ಇಳಿಸಿ, ನಿಮಗೆ ಭಾರವೂ ಕಡಿಮೆಯಾದೀತು” ಅಂದಳು. ಭಾವ ಒಂದು ಕ್ಷಣ ಯೋಚಿಸಿದ್ದು ನಾನು ಕಣ್ಣಾರೆ ಕಂಡೆ.

ನಂತೂರಿನಲ್ಲಿ ಬ್ಲಾಕ್ ಆದರೆ ಊರಿಡೀ ಶಾಪ ಹಾಕುತ್ತದೆ. ಖುಷಿಪಡುವವರು ನಮ್ಮ ಭಾವ ಒಬ್ಬರೇ. ಹೆದ್ದಾರಿಯಲ್ಲಿ ಒಂದೇ ಸಮ ಓಡುವಾಗ ಹೈಬ್ರಿಡ್ಡಿಗೆ ದೊಡ್ಡ ಕೋಡು ಮೂಡುವುದಿಲ್ಲ. ನಿಂತು, ತೆವಳಿ, ಮತ್ತೆ ನಿಲ್ಲುವ ಪೇಟೆಯಲ್ಲೇ ಅದರ ಕಸುಬು. ಎಂಜಿನ್ ಮಲಗಿರುತ್ತದೆ, ಕಾರು ಬೆಕ್ಕಿನ ಹಾಗೆ ಜಾರುತ್ತದೆ. ಜಪಾನಿನವರು 1997ರಲ್ಲಿ ಪ್ರಿಯಸ್ ಇಳಿಸಿದ್ದು ನಂತೂರನ್ನು ನೋಡಿಯೇ ಇರಬೇಕು ಎಂದು ನನಗೆ ಗುಮಾನಿ.

ಚೀಟಿಯಲ್ಲಿ ಲೆಕ್ಕ ಹಾಕಿ ತೋರಿಸುವ ಕೆಟ್ಟ ಬುದ್ಧಿ ನನ್ನದು. ಬರೇ ಪೆಟ್ರೋಲಿನ ಕಾರು ಲೀಟರಿಗೆ 14 ಕೊಡುತ್ತದೆ, ಇದು 24 ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 10,000 ಕಿಲೋಮೀಟರು ಓಡಿಸಿದರೆ ಉಳಿಯುವುದು ಹತ್ತಿರ ಹತ್ತಿರ 300 ಲೀಟರು. ಲೀಟರಿಗೆ ನೂರು ಹಿಡಿದರೂ 30,000 ರೂಪಾಯಿ. ಹೈಬ್ರಿಡ್ ಎಂದು ಹೆಚ್ಚಿಗೆ ಕೊಟ್ಟದ್ದು ಎರಡು ಲಕ್ಷ ಆದರೆ ಅಸಲು ಹುಟ್ಟಲು ಆರೇಳು ವರ್ಷ. ಅದೂ ಓಡಿಸಿದರೆ! ರಿಟೈರಾದ ಭಾವ ವರ್ಷಕ್ಕೆ ನಾಲ್ಕು ಸಾವಿರ ಓಡಿಸಿದರೆ ಹೆಚ್ಚು. “ನಿನಗೆ ತಂತ್ರಜ್ಞಾನದ ಮರ್ಯಾದೆ ಗೊತ್ತಿಲ್ಲ” ಎಂದು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡರು. ಹರಿದು ಹಾಕಲಿಲ್ಲ ಎಂಬುದನ್ನು ಗಮನಿಸಿ.

ಮೊನ್ನೆ ಬೆಳಿಗ್ಗೆ ನೋಡುತ್ತೇನೆ, ಎರಡು ಪ್ಯಾಕೆಟ್ ನಂದಿನಿ ಹಿಡಿದು, ಕೊಡೆ ಬಿಡಿಸಿಕೊಂಡು, ಜಡಿಮಳೆಯಲ್ಲಿ ನಡೆದು ಬರುತ್ತಿದ್ದಾರೆ. ಡೈರಿ ಇರುವ ಕುಲಶೇಖರದಲ್ಲಿ ಹಾಲು ತರಲು ಕಾರು ಬೇಡ, ಸರಿ. ಆದರೆ ಕಾರಣ ಬೇರೆ: ತಣ್ಣಗಿನ ಎಂಜಿನ್ ಬಿಸಿಯಾಗುವುದರೊಳಗೆ ಮನೆ ಬರುತ್ತದೆ, ಸಣ್ಣ ಓಡಾಟದಲ್ಲಿ ಆವರೇಜ್ ಬೀಳುತ್ತದೆ.

“ಕಾರು ತಂದದ್ದರಿಂದ ಒಂದು ಲಾಭ ಆಯಿತು, ಇವರ ಶುಗರ್ ಇಳಿಯಿತು” ಅಂದಳು ಅಕ್ಕ, ಚಾ ಕೊಡುತ್ತಾ.

ಹೊರಡುವಾಗ ಕೇಳಿದೆ, “ಭಾವ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಿಡ್ತೀರಾ?” ಅವರು ನನ್ನ ಬ್ಯಾಗು ನೋಡಿದರು, ಹೊಟ್ಟೆ ನೋಡಿದರು, ಮಳೆ ನೋಡಿದರು.

“ಬಸ್ಸು ಐದು ನಿಮಿಷಕ್ಕೊಂದು ಉಂಟಲ್ಲ?”