ನಾಯಕನಹಟ್ಟಿ ಪಯಣಿಗರ ವಾಹನ ಆಯ್ಕೆ: ಒಂದು ಅನಗತ್ಯ ಅಧ್ಯಯನ

1. ಪೀಠಿಕೆ

ಚಳ್ಳಕೆರೆಗೆ ಹೊರಟ ಮನುಷ್ಯ ನಾಯಕನಹಟ್ಟಿಯಲ್ಲಿ ಏನನ್ನು ಹತ್ತುತ್ತಾನೆ, ಏಕೆ ಹತ್ತುತ್ತಾನೆ? ಈ ಗಹನ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಬಸ್ಸು ಬಂದೊಡನೆ ಕೈಬಿಡುತ್ತಾ ಬಂದಿದ್ದಾರೆ. ಆ ಕೊರತೆ ನೀಗಲು ಪ್ರಸ್ತುತ ಸಂಶೋಧಕ, ಬಸ್ಸು ತಪ್ಪಿದ ಒಂದು ಬೆಳಿಗ್ಗೆ, ಬೇರೆ ದಾರಿಯಿಲ್ಲದೆ ಕ್ಷೇತ್ರಕಾರ್ಯ ಕೈಗೊಂಡ.

2. ವರ್ಗೀಕರಣ

ಸಾಂಪ್ರದಾಯಿಕ ವಾಹನಗಳು: ಎತ್ತಿನ ಗಾಡಿ, ಪ್ರೈವೇಟ್ ಬಸ್ಸು, ಸರ್ಕಾರಿ ಕೆಂಪು ಬಸ್ಸು, ಆಪೆ ಆಟೋ, ಗುರುತಿನವರ ಬೈಕಿನ ಡ್ರಾಪು. ಊರ ಗುರು ತಿಪ್ಪೇರುದ್ರಸ್ವಾಮಿಯ ಜಾತ್ರೆಯ ದೊಡ್ಡ ರಥವನ್ನು ಪಟ್ಟಿಗೆ ಸೇರಿಸಿಲ್ಲ. ಅಲ್ಲಿ ಜನ ವಾಹನವನ್ನು ಹತ್ತುವುದಿಲ್ಲ, ಎಳೆಯುತ್ತಾರೆ. ಕೆಟ್ಟು ನಿಂತ ಬಸ್ಸಿನಲ್ಲೂ ಇದೇ ಲಕ್ಷಣ ಕಂಡುಬಂದರೂ ಅಲ್ಲಿ ಟಿಕೆಟ್ ಕೊಂಡವರು ಹಿಂದಿನಿಂದ ನೂಕುತ್ತಾರಾದ್ದರಿಂದ ಅದು ಬೇರೆ ವರ್ಗ.

ಉದಯೋನ್ಮುಖ ವಾಹನ ಒಂದೇ: ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಪುಷ್ಪಕ್.

3. ಸಿದ್ಧಾಂತ

ಪಯಣಿಗರ ಆಯ್ಕೆಯನ್ನು ಲೆಕ್ಕಕ್ಕೆ ಸಿಕ್ಕಿಸಿದ ಡೇನಿಯಲ್ ಮೆಕ್‌ಫ್ಯಾಡನ್ ಅವರಿಗೆ 2000ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸ್ಯಾನ್‌ಫ್ರಾನ್ಸಿಸ್ಕೋ ಸೀಮೆಯಲ್ಲಿ ಆಗ ಹೊಸದಾಗಿದ್ದ ಬಾರ್ಟ್ ರೈಲಿಗೆ ಪ್ರಯಾಣಿಕರಲ್ಲಿ ಶೇ. 15ರಷ್ಟು ಮಂದಿ ಬರುತ್ತಾರೆಂದು ಸರ್ಕಾರಿ ಅಂದಾಜಿತ್ತು. ಮೆಕ್‌ಫ್ಯಾಡನ್ ಶೇ. 6.3 ಎಂದರು. ಬಂದವರು ಶೇ. 6.2. ಅವರ ಸೂತ್ರವನ್ನು ಹಟ್ಟಿಯ ಭಾಷೆಗೆ ಇಳಿಸಿದರೆ: ವಾಹನದ ಗುಣ = ಸಂಶೋಧಕನಿಗೆ ಕಂಡದ್ದು + ಕಾಣದ್ದು. ದರ, ಹೊತ್ತು, ಸೀಟು ಕಂಡದ್ದು. ಮುಂದಿನ ಸೀಟಿನಲ್ಲಿ ಸಾಲ ಕೊಟ್ಟ ಸಾವ್ಕಾರ ಕೂತಿರುವುದು ಕಾಣದ್ದು. ಖಾಲಿ ಬಸ್ಸನ್ನೂ ಬಿಟ್ಟು ಜನ ಮರದ ಮರೆಗೆ ಸರಿಯುವುದೇಕೆಂದು ಇದರಿಂದ ತಿಳಿಯುತ್ತದೆ.

ಈ ಶಾಸ್ತ್ರದಲ್ಲಿ 'ಕೆಂಪು ಬಸ್ಸು–ನೀಲಿ ಬಸ್ಸು' ಎಂಬ ಪ್ರಸಿದ್ಧ ತೊಡಕುಂಟು. ಅರ್ಧ ಜನ ಕಾರಿನಲ್ಲೂ ಅರ್ಧ ಜನ ಕೆಂಪು ಬಸ್ಸಿನಲ್ಲೂ ಹೋಗುವ ಊರಿಗೆ ಅಂಥದ್ದೇ ಒಂದು ನೀಲಿ ಬಸ್ಸು ಬಿಟ್ಟರೆ, ಸೂತ್ರವು ಮೂರಕ್ಕೂ ಸಮಪಾಲು ಹಂಚಿ ಕಾರಿನವರನ್ನೂ ಕೆಳಗಿಳಿಸುತ್ತದೆ. ಬರೀ ಬಣ್ಣ ನೋಡಿ ಯಾರು ಕಾರು ಬಿಟ್ಟಾರು ಎಂದು ಪಂಡಿತರು ನಕ್ಕರು. ಅವರು 2023ರ ಜೂನ್ 11ರ ನಂತರ ಹಟ್ಟಿಗೆ ಬಂದಿಲ್ಲ. ಅಂದು ಶಕ್ತಿ ಯೋಜನೆ ಶುರುವಾಗಿ, ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿದ ಹೆಂಗಸರಿಗೆ ಟಿಕೆಟ್ ಸೊನ್ನೆಯಾಯಿತು. ಪ್ರೈವೇಟ್ ಬಸ್ಸಿಗೆ ಆ ಭಾಗ್ಯವಿಲ್ಲ. ಹೀಗಾಗಿ ಒಂದೇ ಮನೆಯ ಗಂಡ ಪ್ರೈವೇಟ್ ಬಸ್ಸಿನ ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುತ್ತಾನೆ. ಹೆಂಡತಿ ಕದಲದೆ ಕೆಂಪು ಬಸ್ಸಿನ ದಾರಿ ಕಾಯುತ್ತಾಳೆ. ಬಣ್ಣ ಮುಖ್ಯವಲ್ಲವೆಂದವರು ಈ ದಂಪತಿಯನ್ನು ಒಂದೇ ಬಸ್ಸಿಗೆ ಹತ್ತಿಸಿ ತೋರಿಸಲಿ.

4. ಉದಯೋನ್ಮುಖ ವಾಹನದ ಪರೀಕ್ಷೆ

ಪುಷ್ಪಕ್ ಇಳಿದದ್ದು ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ನೆಲೆಯ ರನ್‌ವೇ ಮೇಲೆ. ಇವು ಅಮೃತಮಹಲ್ ದನಗಳ ಕಾವಲುಗಳು. ಹೈದರ್–ಟಿಪ್ಪು ಕಾಲದಲ್ಲಿ ಸೈನ್ಯದ ಸರಂಜಾಮು ಎಳೆದ ಎತ್ತುಗಳ ವಂಶ ಮೇಯಲು ಬಿಟ್ಟ ನೆಲ. ಪಯಣಿಗರು ಇನ್ನೂ ಹಳೆಯ ವಾಹನವನ್ನು ಬಿಟ್ಟಿಲ್ಲ. ಹಳೆಯ ವಾಹನದ ಹುಲ್ಲು ಮಾತ್ರ ಆಗಲೇ ಹೊಸ ವಾಹನದ ಪಾಲಾಗಿದೆ.

2024ರ ಜೂನ್ 23ರ ಬೆಳಿಗ್ಗೆ 7:10ಕ್ಕೆ ಪುಷ್ಪಕನನ್ನು 4.5 ಕಿ.ಮೀ. ಎತ್ತರದಿಂದ ಬಿಡಲಾಯಿತು. ಅದು ತಾನಾಗಿಯೇ ದಾರಿ ತಿದ್ದಿಕೊಂಡು ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿತು. ದೋಷ ಒಂದೇ, ಸೀಟಿಲ್ಲ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುವುದು ಪುರಾಣದ ಪುಷ್ಪಕ ವಿಮಾನದ ಲಕ್ಷಣವೆಂದು ಹಿರಿಯರು ಹೇಳುತ್ತಾರೆ. ಹದಿಮೂರು ಜನ ಕೂತ ಮೇಲೂ "ಬರ್ರಿ, ಜಾಗ ಐತೆ" ಎನ್ನುವ ಆಪೆಯಲ್ಲಿ ಮಾತ್ರ ಈ ಲಕ್ಷಣ ದೃಢಪಟ್ಟಿದೆ.

5. ಸಂದರ್ಶನ

ಸ್ಯಾಂಪಲ್: ಒಬ್ಬ ಅಜ್ಜಿ. ಜೊತೆಗೆ ಒಣಕೊಬ್ಬರಿಯ ಚೀಲ. ಸ್ವಾಮಿಯ ಜಾತ್ರೆಯಲ್ಲಿ ಕೊಬ್ಬರಿ ಸುಡುವುದು ಇಲ್ಲಿಯ ಹರಕೆ.

"ಅಜ್ಜಿ, ನೀವು ಯಾವ ವಾಹನ ಆರಿಸ್ಕೋತೀರಿ?"

"ಆರ್ಸೋಕೆ ಇದೇನು ಕಡ್ಲೆಕಾಯಾ? ಯಾವ್ದು ಮೊದ್ಲು ಬತ್ತೈತೋ ಅದು ಕಣಪ್ಪ."

"ಯಾವುದೂ ಬರದಿದ್ರೆ?"

"ಯಾರಾದ್ರೂ ಡ್ರಾಪ್ ಕೊಡ್ತಾರೆ."

6. ಉಪಸಂಹಾರ

ಸಂಶೋಧಕನ ಸೂತ್ರಗಳೆಲ್ಲ ಪಯಣಿಗ ವಾಹನವನ್ನು ಆರಿಸುತ್ತಾನೆಂದು ನಂಬಿವೆ. ಹಟ್ಟಿಯಲ್ಲಿ ವಾಹನವೇ ಪಯಣಿಗನನ್ನು ಆರಿಸುತ್ತದೆ. ಇದಕ್ಕೆ ಉದಯೋನ್ಮುಖ ವಾಹನವೂ ಹೊರತಲ್ಲ. ಅಂದು ಪುಷ್ಪಕನನ್ನು ಅಷ್ಟೆತ್ತರಕ್ಕೆ ಒಯ್ದದ್ದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್. ಅಜ್ಜಿಯ ಭಾಷೆಯಲ್ಲಿ, ಡ್ರಾಪು.

ಈ ದಿಸೆಯಲ್ಲಿ ಹೆಚ್ಚಿನ ಅಧ್ಯಯನ ನಡೆಯಬೇಕಿದೆ. ಆದರೆ ಆಪೆ ಬಂದಿದೆ, ಅಜ್ಜಿ ಹತ್ತಿಯಾಗಿದೆ, ಸಂಶೋಧಕನ ಒಂದು ಕಾಲು ಮಾತ್ರ ಇನ್ನೂ ಹೊರಗಿದೆ.