ಅಡಿಟಿಪ್ಪಣಿಯ ಕಾರ್ಕಳ ಮೂಲ

ಅಡಿಟಿಪ್ಪಣಿ ಪಶ್ಚಿಮದಿಂದ ಹಡಗಿನಲ್ಲಿ ಬಂದಿಳಿದ ಸರಕೆಂದು ನಮ್ಮ ಥೀಸಿಸ್ ಗೈಡುಗಳು ನಂಬಿದ್ದಾರೆ. ಅದು ಹುಟ್ಟಿದ್ದು ಕಾರ್ಕಳದಲ್ಲಿ ಎಂಬುದು ಈ ಪ್ರಬಂಧದ ಸಿದ್ಧಾಂತ. ಪ್ರಮಾಣವು 42 ಅಡಿ ಎತ್ತರಕ್ಕೆ ಬಯಲಲ್ಲೇ ನಿಂತಿದೆ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಮಾಡಿಸಿದವರು ಯಾರು, ಯಾವ ಗುರುವಿನ ಉಪದೇಶ, ಯಾವ ಶಕವರ್ಷ, ಯಾವ ತಿಥಿ ಎಂದು ಮೂರ್ತಿಯ ಬದಿಯಲ್ಲೇ ಕೊರೆಸಿದ. ಗೈಡಿನ ಹೆಸರೂ ಬಂತು, ಇಸವಿಯೂ ಬಂತು. ಪುಟಸಂಖ್ಯೆ ಎಲ್ಲಿ ಎಂದು ತಕರಾರು ತೆಗೆಯುವವರಿಗೆ, ಇಡೀ ಗ್ರಂಥವೇ ಒಂದು ಪುಟದ್ದು ಎಂದು ವಿನಯದಿಂದ ತಿಳಿಸಬೇಕಾಗುತ್ತದೆ. ಇಷ್ಟು ಅಡಿಗಳಿಗೆ ಬರೆದ ಟಿಪ್ಪಣಿಯನ್ನು ಅಡಿಟಿಪ್ಪಣಿ ಎನ್ನದೆ ಬೇರೇನೆನ್ನುವುದು?

ಇದಕ್ಕೆ ಪೂರ್ವಪಕ್ಷ ಉಡುಪಿಯಿಂದಲೇ ಏಳುತ್ತದೆ. ಮಧ್ವಾಚಾರ್ಯರು ಉದ್ಧರಿಸಿದ ‘ಬ್ರಹ್ಮತರ್ಕ’ದಂಥ ಗ್ರಂಥಗಳು ಎಲ್ಲಿವೆ ಎಂದು 16ನೇ ಶತಮಾನದಲ್ಲೇ ಅಪ್ಪಯ್ಯ ದೀಕ್ಷಿತರು ಕೇಳಿದ್ದರು, ಅವು ಕಾಲವಶವಾದವೆಂದು ಮಾಧ್ವರು ಉತ್ತರ ಕೊಟ್ಟರು, ವಾದ ಇಂದಿಗೂ ಮುಗಿದಿಲ್ಲ. ಆಕರವೇ ಸಿಗದ ಊರಿಗೆ ಟಿಪ್ಪಣಿಯ ಹಿರಿಮೆ ಎಲ್ಲಿಯದು ಎಂದು ಆಕ್ಷೇಪಿಸಬಹುದು. ನಾವಾದರೋ ಇದನ್ನು ನಮ್ಮ ಪರವಾದ ಸಾಕ್ಷ್ಯವೆಂದೇ ಗಣಿಸುತ್ತೇವೆ. ಹುಡುಕಿ ಸಿಗದಿರುವುದಕ್ಕೂ ಒಂದು ಹೆಸರು ಬೇಕು. ಆಚಾರ್ಯರು ಗ್ರಂಥದ ಹೆಸರು ಹೇಳಿದ್ದರಿಂದಲೇ ನಾಲ್ಕುನೂರು ವರ್ಷ ಪಂಡಿತರಿಗೆ ಕೈತುಂಬ ಕೆಲಸ ಸಿಕ್ಕಿತು. ‘ಕೃಪೆ: ಅಂತರ್ಜಾಲ’ ಎಂದು ಬರೆಯುವ ಇಂದಿನ ಸಂಶೋಧಕನ ಮೇಲೆ ಅಂಥದೊಂದು ಖಂಡನಗ್ರಂಥ ಬರೆಯಲು ಅಪ್ಪಯ್ಯ ದೀಕ್ಷಿತರಿಂದಲೂ ಆಗದು. ಇನ್ನು ‘ವಿದ್ವಾಂಸರ ಪ್ರಕಾರ’ ಎಂಬುದಂತೂ ಲೆಕ್ಕವಿಲ್ಲದೆ ಮಿನುಗುವ ದೀಪ. 1901ರಿಂದ ಬಂಡೆಯ ಮೇಲೆ ನಿಂತಿರುವ ಕಾಪುವಿನ ದೀಪಸ್ತಂಭವನ್ನು ಕೇಳಿ ನೋಡಿ: ಬೆಳಕಿದ್ದರಷ್ಟೇ ಸಾಲದು, ಅದು ಯಾವ ಊರಿನ ಬೆಳಕೆಂದು ಕಡಲಲ್ಲಿದ್ದವನಿಗೆ ತಿಳಿಯಬೇಕು, ಅದಕ್ಕೇ ಒಂದೊಂದು ದೀಪಕ್ಕೂ ಅದರದೇ ಮಿನುಗಿನ ಎಣಿಕೆ.

ಈಗ ಕಂಪ್ಯೂಟರೇ ಎಲ್ಲ ನೋಡಿಕೊಳ್ಳುತ್ತದಲ್ಲ ಎಂದು ಮಣಿಪಾಲದ ಕಡೆಯಿಂದ ಯಾರಾದರೂ ಅಂದಾರು. ಯುಜಿಸಿಯ 2018ರ ನಿಯಮದಂತೆ ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ ನಿಜ. ಆದರೆ ತಂತ್ರಾಂಶ ಅಳೆಯುವುದು ಇದ್ದದ್ದನ್ನು ನಕಲು ಮಾಡಿದ್ದನ್ನು. ಇಲ್ಲದ ಪುಸ್ತಕವನ್ನು ಹುಟ್ಟಿಸಿ, ಅದಕ್ಕೊಂದು ಪುಟಸಂಖ್ಯೆಯನ್ನೂ ದಯಪಾಲಿಸಿದವನ ಸಾಮ್ಯ ಸೊನ್ನೆ. ಅವನು ಪರಮ ಸ್ವಂತಿಕೆಯವನೆಂದು ಯಂತ್ರವೇ ಸರ್ಟಿಫಿಕೇಟು ಕೊಡುತ್ತದೆ. ಕಾರ್ಕಳದ ಕಲ್ಲಿಗೆ ಈ ಸೌಲಭ್ಯವಿರಲಿಲ್ಲ.

ಈ ಪ್ರಬಂಧಕ್ಕೆ ಪರಾಮರ್ಶನ ಗ್ರಂಥಗಳ ಪಟ್ಟಿ ಇಲ್ಲ. ಸಂಶಯವಿದ್ದವರು ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿ, ಬೆಟ್ಟದ ಮೆಟ್ಟಿಲೇರಿ, ಓದಿಕೊಂಡು ಬರಬಹುದು.